ಮಿಸ್ ಅರ್ಲೀನ್ ಅವರಿಗೆ

ಕಾಟರ್ಸ್ ಮಿಲ್, ಅಲಬಾಮಾ
26 ಸೆಪ್ಟೆಂಬರ್ 2021

ಪ್ರೀತಿಯ ವರ್ನೀಡಾ,

ಫೋನ್ ಮಾಡೋಣ ಎಂದುಕೊಂಡೆ. ಆದರೆ ನಿನಗೆ ಫೋನಿನಲ್ಲಿ ಕೇಳಿಸುವುದಿಲ್ಲ, ನಾನು ಕಿರುಚಿಕೊಂಡರೆ ಬೀದಿಗೆಲ್ಲ ಕೇಳಿಸುತ್ತದೆ. ಶಾಲೆಯ ಅಡುಗೆಮನೆಯಲ್ಲಿ ಆ ಪಾತ್ರೆ ತೊಳೆಯುವ ಯಂತ್ರದ ಪಕ್ಕ ಅಷ್ಟು ವರ್ಷ ನಿಂತಿದ್ದಕ್ಕೆ ನಮಗೆ ಸಿಕ್ಕ ಪಿಂಚಣಿ ಇದು: ನಿನ್ನ ಎರಡು ಕಿವಿ ಹೋದವು, ನನ್ನದು ಒಂದು. ಆ ಗದ್ದಲದಲ್ಲಿ ಒಬ್ಬರ ತುಟಿ ಒಬ್ಬರು ನೋಡಿಕೊಂಡೇ ಊರಿನವರ ಸಂಸಾರವನ್ನೆಲ್ಲ ಜಾಲಾಡುತ್ತಿದ್ದೆವಲ್ಲ, ನೆನಪಿದೆಯಾ? ನಿನಗೆ ಹೇಳಬಾರದ ಗುಟ್ಟಿದ್ದರೆ ನಾನು ಏಪ್ರನ್ನಿನ ಅಂಚನ್ನು ಬಾಯಿಗೆ ಹಿಡಿಯುತ್ತಿದ್ದೆ, ನೀನು ಸೌಟು ತೋರಿಸಿ ಹೆದರಿಸುತ್ತಿದ್ದೆ. ನೀನು ಮಗಳ ಮನೆಗೆಂದು ಒಹಾಯೋಗೆ ಹೋದ ಮೇಲೆ ಈ ಊರಿನಲ್ಲಿ ನನ್ನ ತುಟಿ ಓದುವವರು ಯಾರೂ ಉಳಿದಿಲ್ಲ.

ಈಗ ಕೂತುಕೊಂಡು ಓದು. ಶುಕ್ರವಾರ ಶಾಲೆಯ ಫುಟ್‌ಬಾಲ್ ಪಂದ್ಯದಲ್ಲಿ ನಿನ್ನ ಮಗ ರಾಡ್ರಿಕ್‌ಗೆ ಒಂದು ತೊಂದರೆಯಾಯಿತು. ಅವನ ಜೀವಕ್ಕೇನೂ ಆಗಿಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಮೈದಾನದಲ್ಲಿ ಚರ್ಚಿನವರು ಹಾಕಿದ್ದ ಅಂಗಡಿಯಲ್ಲಿ ಕಡಲೆಕಾಯಿ ಬೇಯಿಸುತ್ತಿದ್ದೆ. ಸಾಲು ಉದ್ದವಿತ್ತು, ರಾಡ್ರಿಕ್ ಎಲ್ಲರಿಗಿಂತ ಮುಂದೆ ನಿಂತಿದ್ದ. ಆಗ ವಿಲ್ಮಾ ಪೆಟ್ಟಸ್‌ಳ ಕೊನೆಯ ಮಗ ಗಾರ್ಲಂಡ್ ಬಂದ. ಕುಡಿದಿದ್ದ ಅಂತ ನಾನು ಹೇಳುವುದಿಲ್ಲ, ವಾಸನೆ ಇತ್ತು. ಮಾತಿಗೆ ಮಾತು ಬೆಳೆಯಿತು, ಒಂದಿಷ್ಟು ತಳ್ಳಾಟವಾಯಿತು, ಗಾರ್ಲಂಡ್ ಹೋಗಿ ಸಿಮೆಂಟಿನ ಮೆಟ್ಟಿಲ ಮೇಲೆ ಬಿದ್ದ. ದವಡೆ ಎರಡು ಕಡೆ ಮುರಿದಿದೆ. ಪೊಲೀಸರು ರಾಡ್ರಿಕ್‌ನನ್ನು ಕರೆದುಕೊಂಡು ಹೋದರು.

ನಾನು ಸೌಟು ಹಿಡಿದುಕೊಂಡೇ ಅವರ ಹಿಂದೆ ಓಡಿದೆ. "ಸ್ವಾಮಿ, ಆ ಹುಡುಗನ್ನ ನಾನು ಎಳೇ ಮಗು ಇದ್ದಾಗಿಂದ ಬಲ್ಲೆ. ಎದುರು ಮಾತಾಡೋನಲ್ಲ, ತಾಯಿ ಸರಿಯಾಗಿ ಬೆಳೆಸಿದ್ದಾಳೆ" ಎಂದೆ. ಹೇಳಿಕೆಯನ್ನೂ ಬರೆಸಿ ರುಜು ಹಾಕಿದ್ದೇನೆ. ನೀನು ಹೆದರಬೇಡ. ನಾನಿದ್ದೇನೆ.

ನೀನಿಲ್ಲದೆ ನನ್ನ ಬನ್ನುಗಳು ಉಬ್ಬುತ್ತಲೇ ಇಲ್ಲ. ಹಿಟ್ಟಿಗೂ ನಿನ್ನ ಕೈಯೇ ಬೇಕಂತೆ.

ನಿನ್ನ
ಅರ್ಲೀನ್

*

ಡೇಟನ್, ಒಹಾಯೋ
5 ಅಕ್ಟೋಬರ್ 2021

ಮಿಸ್ ಅರ್ಲೀನ್ ಅವರಿಗೆ,

ನಿಮ್ಮ ಪತ್ರ ತಲುಪಿತು. ನೀವು ಪೊಲೀಸರ ಹಿಂದೆ ಓಡಿದಿರಲ್ಲ, ನಿಮ್ಮ ಆ ಮಂಡಿ ಇಟ್ಟುಕೊಂಡು, ಅದನ್ನು ನಾನು ಮರೆಯುವುದಿಲ್ಲ.

ಭಾನುವಾರ ಜೈಲಿನವರು ರಾಡ್ರಿಕ್‌ನನ್ನು ವಿಡಿಯೋದಲ್ಲಿ ಮಾತಾಡಿಸಲು ಬಿಟ್ಟರು. ನಾನು ತುಟಿ ನೋಡಿದೆ, ಕೇಳಿಸದ್ದನ್ನು ಮಗಳು ಶರೋಂಡಾ ಬರೆದು ತೋರಿಸಿದಳು. ಅವನು ಹೇಳಿದ್ದು ಹೀಗೆ: "ಅಮ್ಮಾ, ನಾನು ಸಾಲಲ್ಲಿ ನಿಂತಿದ್ದೆ. ಅವನು ಬಂದು 'ಲೋ ಹುಡುಗಾ, ಸರ್ಕೊ ಆಚೆ' ಅಂದ. 'ಸಾಲಿದೆ ಸಾರ್' ಅಂದೆ. ಅದಕ್ಕೆ ಅವನು ಆ ಮಾತು ಅಂದ. ಅಂದು, ಎದೆಗೆ ಕೈ ಹಾಕಿ ನೂಕಿದ. ನನ್ನ ಬೆನ್ನು, ತೋಳು ಹೋಗಿ ಕಡಲೆಕಾಯಿ ಹಂಡೆಗೆ ತಗುಲ್ತು. ಉರಿ ತಡೀಲಾರದೆ ಕೈ ಬೀಸ್ದೆ ಅಮ್ಮ. ಅವನು ಬಿದ್ದ."

ಯಾವ ಮಾತು ಎಂದು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಪ್ಪು ಜನಕ್ಕೆ ನೂರಾರು ವರ್ಷದಿಂದ ಅನ್ನುತ್ತಾ ಬಂದಿರುವ ಆ ಒಂದು ಮಾತು. ನಿಮಗೆ ಗೊತ್ತು.

ಅವನು ಇನ್ನೊಂದು ವಿಷಯವನ್ನೂ ಹೇಳಿದ. "ಮಿಸ್ ಅರ್ಲೀನ್ ಕೇಳಿಸ್ಕೊಂಡ್ರಮ್ಮ. 'ಗಾರ್ಲಂಡ್, ಬಾಯಿ ಮುಚ್ಚು, ಇಲ್ಲಿ ಮಕ್ಕಳಿದಾರೆ' ಅಂತ ಗದರಿದ್ರು. ಅವರು ಹೇಳ್ತಾರೆ, ನೀನು ಅಳಬೇಡ." ಇದನ್ನು ಕೇಳಿ ನನಗೆ ಎಷ್ಟೋ ಸಮಾಧಾನವಾಯಿತು.

ಜಾಮೀನು ಕೊಡಿಸಲು ನಮ್ಮಿಂದ ಆಗಲಿಲ್ಲ. ಕೋರ್ಟಿನವರು ಕೊಟ್ಟ ವಕೀಲೆ ಒಬ್ಬಳಿದ್ದಾಳೆ, ಎಳೆಯ ಹುಡುಗಿ, ಒಳ್ಳೆಯವಳ ಹಾಗೆ ಕಾಣುತ್ತಾಳೆ. ಮೊದಲು ಕೈ ಹಾಕಿದವರು ಯಾರು, ಏನೆಂದು ಕೈ ಹಾಕಿದರು ಎಂಬುದರ ಮೇಲೆಯೇ ಎಲ್ಲ ನಿಂತಿದೆಯಂತೆ. ಸಾಲಿನಲ್ಲಿದ್ದವರು ಯಾರೂ ನೋಡಲಿಲ್ಲ, ಕೇಳಲಿಲ್ಲ ಎನ್ನುತ್ತಿದ್ದಾರಂತೆ. ಉಳಿದಿರುವುದು ನೀವು.

ಹಿಟ್ಟು ನಾದಿ ಒದ್ದೆ ಬಟ್ಟೆ ಮುಚ್ಚಿಡಿ. ನಡುನಡುವೆ ತೆಗೆದು ನೋಡಬೇಡಿ. ನಿಮ್ಮ ಅವಸರವೇ ಅದನ್ನು ಕೆಡಿಸುವುದು.

ಇಂತಿ
ವರ್ನೀಡಾ

*

ಕಾಟರ್ಸ್ ಮಿಲ್
19 ಅಕ್ಟೋಬರ್ 2021

ಪ್ರೀತಿಯ ವರ್ನೀಡಾ,

ರಾಡ್ರಿಕ್‌ಗೆ ಎರಡು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟು ಬಂದೆ. ಜೈಲಿನ ನೆಲ ತಣ್ಣಗಿರುತ್ತದೆ. ತೋಳಿನ ಗಾಯ ಒಣಗುತ್ತಿದೆಯಂತೆ.

ನೀನು ಕೇಳಿದ್ದಕ್ಕೆ ಬರುತ್ತೇನೆ. ಆ ಗಲಾಟೆಯಲ್ಲಿ ಯಾರು ಏನೆಂದರು ಎಂದು ಪ್ರಮಾಣ ಮಾಡಿ ಹೇಗೆ ಹೇಳಲಿ? ಬ್ಯಾಂಡಿನ ಹುಡುಗರು ಡ್ರಮ್ಮು ಬಡಿಯುತ್ತಿದ್ದರು, ನನಗಿರುವುದು ಒಂದೇ ಕಿವಿ. ನಾನು ಗಾರ್ಲಂಡ್‌ನನ್ನು ಗದರಿದ್ದು ನಿಜ. ಅವನು ಬಾಯಿ ಬಿಟ್ಟರೆ ಗದರಬೇಕಾಗುತ್ತದೆ, ಮಗುವಾಗಿದ್ದಾಗಿನಿಂದ ಅವನ ಬಾಯಿ ಹಾಗೇ. ಅಂದ ಎಂದೇ ಇಟ್ಟುಕೋ. ಮಾತು ಬರೀ ಮಾತು ವರ್ನೀಡಾ. ಗಾಳಿಗೆ ಬಂತು, ಗಾಳಿಗೆ ಹೋಯಿತು. ದವಡೆ ಮುರಿದದ್ದು ಮುರಿದದ್ದೇ. ಆ ಹುಡುಗ ಈಗಲೂ ನಳಿಗೆಯಲ್ಲಿ ಸೂಪು ಹೀರುತ್ತಿದ್ದಾನೆ.

ನಾನು ಆ ಮಾತನ್ನು ಕೋರ್ಟಿನಲ್ಲಿ ಆಡಿದೆ ಎಂದಿಟ್ಟುಕೋ. ಬೆಳಗಾಗುವಷ್ಟರಲ್ಲಿ ಟಿ.ವಿ.ಯವರು ಗಾಡಿ ತಂದು ನಿಲ್ಲಿಸುತ್ತಾರೆ. ಎಲ್ಲಿಂದಲೋ ಬಂದವರು ನಮ್ಮ ಬೀದಿಯಲ್ಲಿ ಬೋರ್ಡು ಹಿಡಿದು ಕೂಗುತ್ತಾರೆ. ನಮ್ಮ ಪಾಡಿಗೆ ಚೆನ್ನಾಗಿದ್ದ ಊರು, ಬಣ್ಣದ ವಿಷಯ ತಂದು ಎರಡು ಹೋಳಾಗುತ್ತದೆ. ಅದರಿಂದ ರಾಡ್ರಿಕ್‌ಗೆ ಏನು ಸಿಗುತ್ತದೆ? ಅವನು ಒಳ್ಳೆಯವನು ಎಂದು ಹೇಳಿ ಬಿಡಿಸಿಕೊಂಡು ಬರೋಣ, ಅಷ್ಟು ಸಾಕಲ್ಲವಾ?

ಎಲೆಕ್ಷನ್ ಬಂದಾಗೆಲ್ಲ ನಾವಿಬ್ಬರೂ ಮಳೆ ಬಿಸಿಲಿನ ಮಾತು ಆಡಿಕೊಂಡು ಕಾಲ ಕಳೆದವರು. ನನ್ನ ವೋಟು ಯಾರಿಗೆ ಎಂದು ನೀನು ಕೇಳಲಿಲ್ಲ, ನಿನ್ನದು ನನಗೆ ಗೊತ್ತಿದ್ದರೂ ನಾನು ಬಾಯಿ ಬಿಡಲಿಲ್ಲ. ಈಗ ನಿನ್ನ ಶರೋಂಡಾ ಫೇಸ್‌ಬುಕ್ಕಿನಲ್ಲಿ ತಮ್ಮನ ವಿಷಯ ಹಾಕಿ, ಕೆಳಗೆ "ಬಿಳಿಯರ ಸವಲತ್ತು" ಎಂದು ಬರೆದಿದ್ದಾಳೆ. ಯಾವ ಸವಲತ್ತಮ್ಮ? ನನ್ನ ಅಪ್ಪ ಹತ್ತಿ ಗಿರಣಿಯಲ್ಲಿ ಬೆರಳು ಕಳೆದುಕೊಂಡ. ರಾತ್ರಿ ಊಟಕ್ಕೆ ಮೆಕ್ಕೆಜೋಳದ ಬ್ರೆಡ್ಡನ್ನು ಮಜ್ಜಿಗೆಗೆ ಹಾಕಿ ಕಲಸಿ ಕೊಡುತ್ತಿದ್ದರು, ಅದೂ ಇದ್ದರೆ. ನನ್ನ ಗಂಡ ಹಾಯ್ಟ್ ಕೆಮ್ಮಿ ಕೆಮ್ಮಿ ಸತ್ತ. ನನಗೆ ಯಾರು ಯಾವ ಸವಲತ್ತು ಕೊಟ್ಟರು, ಅವಳನ್ನೇ ಕೇಳಿ ಬರೆ. ಬಂದರೆ ಮನೆಗೆ ತಂದುಕೊಂಡು ಇಡುತ್ತೇನೆ.

ಸಿಟ್ಟು ಮಾಡಿಕೊಂಡು ಬರೆದೆ. ನಿನ್ನ ಮೇಲಲ್ಲ.

ಅರ್ಲೀನ್

*

ಡೇಟನ್
8 ನವೆಂಬರ್ 2021

ಮಿಸ್ ಅರ್ಲೀನ್ ಅವರಿಗೆ,

ಬರೆಯುವುದು ತಡವಾಯಿತು. ಎರಡು ಸಲ ಬರೆದು ಹರಿದು ಹಾಕಿದೆ.

ಸವಲತ್ತು ಎಂಬ ಆ ಪದ ನನಗೂ ಹಿಡಿಸುವುದಿಲ್ಲ. ಅದು ಕಾಲೇಜಿನವರ ಪದ, ಶರೋಂಡಾ ಆಡಿದಾಗ ನನಗೂ ಕಹಿ ಮದ್ದು ಕುಡಿದ ಹಾಗಾಗುತ್ತದೆ. ಮಜ್ಜಿಗೆಯಲ್ಲಿ ಕಲಸಿದ ಬ್ರೆಡ್ಡು ನಾನೂ ತಿಂದವಳು. ನಿಮ್ಮ ತಟ್ಟೆಯಲ್ಲಿ ಹೆಚ್ಚಿತ್ತು ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಆದ್ದರಿಂದ ಅಡುಗೆಮನೆಯ ಮಾತಿನಲ್ಲೇ ಹೇಳುತ್ತೇನೆ.

ನೀವು ಕೆಲಸಕ್ಕೆ ಸೇರಿದ ದಿನ ನಿಮಗಿನ್ನೂ ಹುಡುಗಿಯರ ಎರಡು ಜಡೆ ಇತ್ತು. ನಾನು ನಿಮಗಿಂತ ದೊಡ್ಡವಳು, ಆಗಲೇ ಎರಡು ಮಕ್ಕಳ ತಾಯಿ. ಹಿಟ್ಟು ಎಷ್ಟು ನಾದಬೇಕು, ಯೀಸ್ಟಿನ ನೀರು ಎಷ್ಟು ಬೆಚ್ಚಗಿರಬೇಕು ಎಂದು ನಿಮ್ಮ ಕೈ ಹಿಡಿದು ತೋರಿಸಿದವಳು ನಾನು. ಹೆಡ್ ಮಾಸ್ತರರು ಹೊಸ ಏಪ್ರನ್ ಹೊಲಿಸಿ ತಂದರು. ನಿಮ್ಮದರ ಮೇಲೆ "ಮಿಸ್ ಅರ್ಲೀನ್." ನನ್ನದರ ಮೇಲೆ "ವರ್ನೀಡಾ." ನಮ್ಮ ಊರಿನಲ್ಲಿ ಮದುವೆಯಾಗಿ ಮೊಮ್ಮಕ್ಕಳಾದರೂ ಮರ್ಯಾದೆಗೆ ಮಿಸ್ ಎನ್ನುತ್ತಾರೆ, ನಿಮ್ಮ ಬಿಳಿಯರಲ್ಲಿ ಯಾರಿಗಾದರೂ. ಅವತ್ತಿನಿಂದ ಮಕ್ಕಳು ನಿಮಗೆ "ಮಿಸ್ ಅರ್ಲೀನ್, ನೀವು" ಎಂದರು, ನನಗೆ "ವರ್ನೀಡಾ, ಇನ್ನೊಂದು ಹಾಕು" ಎಂದರು. ಆರು ವರ್ಷದ ಮಕ್ಕಳು. ಆಮೇಲೆ ಅಡುಗೆಮನೆಯ ಮೇಲ್ವಿಚಾರಕಿ ನಿವೃತ್ತಿಯಾದಾಗ ಮಾಸ್ತರರು ನನ್ನನ್ನು ಕರೆದು, "ವರ್ನೀಡಾ, ಅರ್ಲೀನ್‌ಗೆ ಆ ಕೆಲಸ ಕೊಡ್ತಿದೀವಿ. ನೀನು ಎಲ್ಲಾ ಸರಿಯಾಗಿ ಹೇಳ್ಕೊಡು" ಎಂದರು. ಹೇಳಿಕೊಟ್ಟೆ.

ನೀವು ನನ್ನಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ ಮಿಸ್ ಅರ್ಲೀನ್. ನಿಮ್ಮ ಕೈಗೆ ಇಟ್ಟರು, ಅಷ್ಟೆ. ನೀವು ಕೇಳಬೇಕಾಗಿಯೂ ಇರಲಿಲ್ಲ. ಶರೋಂಡಾಳ ಆ ದೊಡ್ಡ ಪದದ ಅರ್ಥ ಇಷ್ಟೇ ಇರಬೇಕು.

ನೀವು ನನ್ನನ್ನು "ನೀನು" ಎನ್ನುತ್ತೀರಿ. ಸಲಿಗೆ ಎನ್ನುತ್ತೀರಿ. ಸಲಿಗೆ ಒಂದೇ ಕಡೆಯಿಂದ ನಡೆಯುತ್ತದೆಯೇ?

ಇದನ್ನೆಲ್ಲ ಜಗಳ ಕಾಯಲು ಬರೆದಿಲ್ಲ. ವಕೀಲೆ ನಿಮ್ಮ ಹೇಳಿಕೆಯ ಪ್ರತಿಯನ್ನು ಕಳಿಸಿದ್ದಾಳೆ. ಅದರಲ್ಲಿ "ಮಿಸ್ಟರ್ ಪೆಟ್ಟಸ್ ಕೆಳಗೆ ಬಿದ್ದರು" ಎಂದಿದೆ. ನನ್ನ ಮಗನ ಹೆಸರು ಎಲ್ಲೂ ಇಲ್ಲ. ಮೇಲಿನಿಂದ ಕೊನೆಯವರೆಗೆ "ಆ ಹುಡುಗ." ರಾಡ್ರಿಕ್‌ಗೆ ನಲವತ್ತು ದಾಟಿದೆ, ಕಾಲೇಜು ಓದುವ ಮಗಳಿದ್ದಾಳೆ, ಊರಿನ ಶಾಲಾ ಬಸ್ಸುಗಳೆಲ್ಲ ಅವನ ಕೈಯಲ್ಲಿ ರಿಪೇರಿಯಾಗುತ್ತವೆ. ಗಾರ್ಲಂಡ್ ಅವನಿಗಿಂತ ಎಷ್ಟೋ ಚಿಕ್ಕವನು. ತೀರ್ಪು ಹೇಳಲು ಜ್ಯೂರಿಯಲ್ಲಿ ಕೂತವರು ಇದನ್ನು ಓದುತ್ತಾರೆ. ಮಿಸ್ಟರ್ ಪೆಟ್ಟಸ್ ಎಂಬ ದೊಡ್ಡ ಮನುಷ್ಯರನ್ನು ಯಾವನೋ ಒಬ್ಬ ಹುಡುಗ ಬೀಳಿಸಿದ ಎಂದು ಅವರ ತಲೆಯಲ್ಲಿ ಕೂರುತ್ತದೆ.

ಮಾತು ಗಾಳಿಗೆ ಹೋಗುವುದಿಲ್ಲ ಮಿಸ್ ಅರ್ಲೀನ್. ಗಾರ್ಲಂಡ್ ಮೊದಲು ಅಂದದ್ದೂ ಅದೇ "ಹುಡುಗಾ."

ವರ್ನೀಡಾ

*

ಕಾಟರ್ಸ್ ಮಿಲ್
2 ಡಿಸೆಂಬರ್ 2021

ವರ್ನೀಡಾ,

ಆ ಏಪ್ರನ್ ಈಗ ಯಾವ ಗುಡಿಸಲಲ್ಲಿ ನೆಲ ಒರೆಸುತ್ತಿದೆಯೋ, ನೀನು ಇನ್ನೂ ಅದರ ದಾರ ಎಣಿಸುತ್ತಿದ್ದೀಯ! ಇಷ್ಟು ವರ್ಷ ಇದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಜೊತೆ ನಕ್ಕೆಯಾ? ಹಾಯ್ಟ್ ಸತ್ತಾಗ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದವಳು ನೀನು. ಆಗಲೂ ಒಳಗೊಳಗೆ ಲೆಕ್ಕ ಹಾಕುತ್ತಿದ್ದೆಯಾ?

ಮಿಸ್ ಎಂದು ಕರೆ ಎಂದು ನಾನು ಯಾವತ್ತಾದರೂ ಬಾಯಿ ಬಿಟ್ಟು ಕೇಳಿದ್ದೇನಾ? ಅದು ತಾನಾಗಿ ಬಂದ ಅಭ್ಯಾಸ. ಬೇಡವಾದರೆ ಬಿಡು ಮಾರಾಯ್ತಿ! ಅರ್ಲೀನ್ ಎಂದೇ ಬರೆ, ಏನೇ ಎಂದು ಬೇಕಾದರೂ ಕರೆ, ನನಗೇನು ಕೊಂಬು ಮುರಿಯುತ್ತದಾ? ಒಂದು ಪದ ಅದು, ಒಂದೇ ಒಂದು ಪದ. ನಿಮ್ಮ ಕಡೆಯವರು ಈಗೀಗ ಇಂಥ ಚಿಕ್ಕ ಚಿಕ್ಕದನ್ನೆಲ್ಲ ಹೆಕ್ಕಿ ತೆಗೆದು ಗಾಯ ಮಾಡಿಕೊಳ್ಳುವುದನ್ನು ಕಲಿತಿದ್ದೀರಿ.

ಹೇಳಿಕೆ ಬರೆದುಕೊಂಡವನು ಪೊಲೀಸಿನವನು. ಅವನ ಭಾಷೆ ಅದು. ನಾನು ರಾಡ್ರಿಕ್‌ನನ್ನು ಹುಡುಗ ಎಂದರೆ ಅದು ಪ್ರೀತಿಗೆ ಎಂದು ನಿನಗೆ ಬಿಡಿಸಿ ಹೇಳಬೇಕಾ?

ನಿನಗೆ ಅಲ್ಲಿ ಕೂತು ಬರೆಯುವುದು ಸುಲಭ. ನಾನು ಇಲ್ಲಿ ಬದುಕಬೇಕು. ವಿಲ್ಮಾ ನನ್ನ ಹಾಯ್ಟ್‌ನ ಮಣ್ಣಿನ ದಿನ ಚರ್ಚಿನಲ್ಲಿ ಆರ್ಗನ್ ನುಡಿಸಿದವಳು. ಪ್ರತಿ ಭಾನುವಾರ ನನ್ನ ಮುಂದಿನ ಬೆಂಚಿನಲ್ಲಿ ಅವಳ ಬೆನ್ನು. ಹೋದ ವಾರ ತಿರುಗಿ, "ಅರ್ಲೀನ್, ನನ್ನ ಮಗನ್ನ ಆ ಜನ ರಾಕ್ಷಸ ಮಾಡಕ್ಕೆ ಹೊರಟವ್ರೆ. ನೀನು ಅವ್ರ ಕೈಗೊಂಬೆ ಆಗ್ಬೇಡ ಕಣೆ" ಎಂದಳು. ಕಣ್ಣಲ್ಲಿ ನೀರಿತ್ತು. ತಾಯಿ ನೀನೊಬ್ಬಳೇ ಅಲ್ಲ.

ನಮ್ಮ ಮರದ ಪೆಕಾನ್ ಕಾಯಿ ಸುಲಿದು ಕಳಿಸುತ್ತಿದ್ದೇನೆ. ಹಬ್ಬಕ್ಕೆ ಕಡುಬಿಗೆ ಹಾಕು.

ಅರ್ಲೀನ್

*

ಕಾಟರ್ಸ್ ಮಿಲ್
24 ಡಿಸೆಂಬರ್ 2021

ವರ್ನೀಡಾ, ಕ್ರಿಸ್ಮಸ್ ಶುಭಾಶಯ. ಕಾಯಿ ತಲುಪಿತೋ ಇಲ್ಲವೋ ಒಂದು ಗೆರೆ ಬರೆಯಬಾರದಾ? ರಾಡ್ರಿಕ್‌ಗೆ ಹಬ್ಬದೂಟ ತೆಗೆದುಕೊಂಡು ಹೋಗಿದ್ದೆ, ಒಳಗೆ ಬಿಡಲಿಲ್ಲ. ಬಾಗಿಲಲ್ಲಿದ್ದವನು ನಮ್ಮ ಶಾಲೆಯಲ್ಲಿ ಓದಿದವನೇ. "ಮಿಸ್ ಅರ್ಲೀನ್, ನಿಮ್ಗೋಸ್ಕರ ಬಿಡ್ಬಹುದಿತ್ತು, ರೂಲ್ಸು ನೋಡಿ" ಎಂದ. ಊಟ ಅವನೇ ತಿಂದ.

ಅರ್ಲೀನ್

*

ಡೇಟನ್
30 ಜನವರಿ 2022

ಮಿಸ್ ಅರ್ಲೀನ್ ಅವರಿಗೆ,

ಕಾಯಿ ತಲುಪಿತು. ಕಡುಬು ಮಾಡಿದೆ. ಶರೋಂಡಾ ಮುಟ್ಟಲಿಲ್ಲ, ನಾನು ತಿಂದೆ.

ಹಾಯ್ಟ್ ಸತ್ತಾಗ ನಾನು ಯಾವ ಲೆಕ್ಕವನ್ನೂ ಹಾಕುತ್ತಿರಲಿಲ್ಲ. ಅಳುತ್ತಿದ್ದೆ. ಅದನ್ನು ನೀವು ಕೇಳಬಾರದಾಗಿತ್ತು.

ಮಿಸ್ ಬಿಟ್ಟು ಕರೆ ಎಂದಿರಿ. ಈ ಕಾಗದದ ಮೇಲೆ ಹಾಗೆ ಬರೆಯಲು ಹೋದೆ, ಪೆನ್ನು ನಿಂತಿತು. ನನ್ನ ತಾಯಿ ಒಮ್ಮೆ ಅಂಗಡಿಯಲ್ಲಿ ಒಬ್ಬ ಬಿಳಿ ಹುಡುಗಿಯನ್ನು ಬರೀ ಹೆಸರಿನಿಂದ ಕರೆದದ್ದಕ್ಕೆ ಆ ಸಂಜೆಯೇ ನಾವು ಮನೆ ಖಾಲಿ ಮಾಡಬೇಕಾಯಿತು. ನಿಮಗೆ ಅದು ಒಂದು ಪದ. ನನಗೆ ಅದು ಇನ್ನೂ ಬೆನ್ನಿನಲ್ಲಿದೆ. ಅದು ಇರಲಿ, ನೀವು ಮಿಸ್ ಆಗಿಯೇ ಇರಿ, ನನಗೆ ಬೇಸರವಿಲ್ಲ.

ಮಾರ್ಚ್ ಎಂಟಕ್ಕೆ ಕೋರ್ಟು. ನಾನು ಬಸ್ಸಿನಲ್ಲಿ ಬರುತ್ತಿದ್ದೇನೆ. ಸಾಲಿನಲ್ಲಿದ್ದವರು ಯಾರೂ ಬಾಯಿ ಬಿಟ್ಟಿಲ್ಲ. ನೀವು ಹೇಳದಿದ್ದರೆ ಅವನಿಗೆ ಶಿಕ್ಷೆಯಾಗುತ್ತದೆ, ವಕೀಲೆ ನನಗೆ ಸುತ್ತಿ ಬಳಸದೆ ಹೇಳಿದ್ದಾಳೆ. ಗಾರ್ಲಂಡ್ ಕೆಟ್ಟವನು ಎಂದು ಹೇಳಿ ಎಂದು ನಾನು ಕೇಳುತ್ತಿಲ್ಲ. ನಮ್ಮ ಪಕ್ಷ, ನಿಮ್ಮ ಪಕ್ಷ ಯಾವುದೂ ಬೇಡ. ಕೇಳಿದ್ದನ್ನು ಹೇಳಿ, ನೋಡಿದ್ದನ್ನು ಹೇಳಿ. ಆ ಮಾತು ಬಾಯಿಗೆ ಬರದಿದ್ದರೆ "ಒಂದು ಕೊಳಕು ಮಾತು" ಎಂದರೂ ಸಾಕು, ಅಲ್ಲಿ ಕೂತವರಿಗೆಲ್ಲ ಯಾವುದೆಂದು ಗೊತ್ತಾಗುತ್ತದೆ.

ನಾನು ನಿಮ್ಮನ್ನು ಇಷ್ಟು ವರ್ಷದಲ್ಲಿ ಏನನ್ನೂ ಕೇಳಿಲ್ಲ.

ವರ್ನೀಡಾ

*

ಕಾಟರ್ಸ್ ಮಿಲ್
10 ಮಾರ್ಚ್ 2022

ಪ್ರೀತಿಯ ವರ್ನೀಡಾ,

ಕೋರ್ಟಿನಲ್ಲಿ ನೀನು ಎರಡನೇ ಬೆಂಚಿನಲ್ಲಿ ಕೂತಿದ್ದೆ. ನೀಲಿ ಟೋಪಿ, ನಿನ್ನ ಈಸ್ಟರ್ ಟೋಪಿ, ಗುರುತು ಸಿಕ್ಕಿತು. ಸಣ್ಣಗಾಗಿದ್ದೀಯ. ಮುಗಿದ ಮೇಲೆ ಹೊರಗೆ ನಿನಗಾಗಿ ಎಷ್ಟು ಹೊತ್ತು ನಿಂತೆ. ನೀನು ಆ ಬದಿಯ ಬಾಗಿಲಿಂದ ಹೋಗಿಬಿಟ್ಟೆ. ಮನೆಗೆ ಬರುತ್ತೀಯ ಎಂದು ಕೋಳಿ ಬೇಯಿಸಿಟ್ಟಿದ್ದೆ.

ನಾನು ಏನು ಹೇಳಿದೆನೆಂದು ನಿನಗೆ ಸರಿಯಾಗಿ ಕೇಳಿಸಿರುವುದಿಲ್ಲ, ಯಾರಾದರೂ ಬೇರೆ ರೀತಿ ಹೇಳುವ ಮೊದಲು ನಾನೇ ಬರೆದುಬಿಡುತ್ತೇನೆ. ರಾಡ್ರಿಕ್ ಬಗ್ಗೆ ಒಳ್ಳೆಯದನ್ನೇ ಹೇಳಿದೆ. ಕಷ್ಟಪಟ್ಟು ದುಡಿಯುವವನು ಎಂದೆ. ದೇವರಲ್ಲಿ ಭಕ್ತಿ ಇರುವವನು ಎಂದೆ. ನನ್ನ ಕಾರು ಕೆಟ್ಟಾಗ ಕಾಸು ತೆಗೆದುಕೊಳ್ಳದೆ ಸರಿಮಾಡಿಕೊಟ್ಟ ಎಂದೆ. ಜ್ಯೂರಿಯಲ್ಲಿ ಒಬ್ಬಳು ತಲೆಯನ್ನೂ ಆಡಿಸಿದಳು.

ಆಮೇಲೆ ಆ ವಕೀಲೆ ಹಿಡಿದುಕೊಂಡಳು.

"ಗಾರ್ಲಂಡ್ ಪೆಟ್ಟಸ್ ಏನಂದ್ರು?"

"ಸರ್ಕೊ ಅಂದ್ರು."

"ಬರೀ ಸರ್ಕೊ ಅಂದ್ರಾ?"

"'ಹುಡುಗಾ, ಸರ್ಕೊ' ಅಂದ್ರು. ಅದೇನು ಬೈಗುಳ ಅಲ್ಲಮ್ಮ, ನಮ್ಮ ಕಡೆ ಎಲ್ಲಾರೂ ಅಂತಾರೆ. ನಾನೂ ಅಂತೀನಿ."

"ಅದಾದ್ಮೇಲೆ ಇನ್ನೇನಾದ್ರೂ ಅಂದ್ರಾ?"

ವರ್ನೀಡಾ, ನೀನೇ ಹೇಳು. ವಿಲ್ಮಾ ಮೊದಲ ಬೆಂಚಿನಲ್ಲಿ ಕೈ ಮುಗಿದುಕೊಂಡು ಕೂತಿದ್ದಳು. ನಮ್ಮ ಪಾದ್ರಿಗಳಿದ್ದರು. ನಮ್ಮ ಚರ್ಚಿನವರು ಎರಡು ಸಾಲು ತುಂಬಿದ್ದರು. ಹಿಂದೆ ಯಾರೋ ಫೋನು ಹಿಡಿದು ಬರೆದುಕೊಳ್ಳುತ್ತಿದ್ದ. ಆ ಮಾತನ್ನು ನಾನು ನನ್ನ ಬಾಯಿಂದ ಆ ಜನದ ಎದುರಿಗೆ ಹೇಗೆ ಆಡಲಿ? ನನ್ನ ಮನೆಯಲ್ಲಿ ಆ ಮಾತನ್ನು ಯಾರೂ ಆಡಬಾರದೆಂದು ಬೆಳೆದವಳು ನಾನು. ನೆನಪಿಲ್ಲ ಎಂದೆ. ಮೊದಲು ಯಾರು ನೂಕಿದರು ಎಂದಳು, ಇಬ್ಬರೂ ಹತ್ತಿರ ಹತ್ತಿರ ನಿಂತಿದ್ದರು ಎಂದೆ. ಅದು ಸುಳ್ಳಲ್ಲ. ಹತ್ತಿರವೇ ನಿಂತಿದ್ದರು.

ಎಲ್ಲ ಒಳ್ಳೆಯದಾಗುತ್ತದೆ. ನಾನು ಪ್ರಾರ್ಥನೆ ಮಾಡುತ್ತಿದ್ದೇನೆ.

ನಿನ್ನ
ಅರ್ಲೀನ್

*

ಡೇಟನ್
17 ಏಪ್ರಿಲ್ 2022

ಅರ್ಲೀನ್,

ನನ್ನ ಮಗನಿಗೆ ಏಳು ವರ್ಷ ಕೊಟ್ಟರು. ನಿನಗೆ ಆಗಲೇ ಗೊತ್ತಿರುತ್ತದೆ.

ನೀನು ಹೇಳಿದ್ದು ನನಗೆ ಕೇಳಿಸಿರುವುದಿಲ್ಲ ಎಂದು ಬರೆದಿದ್ದೀಯ. ನನಗೆ ಕೇಳಿಸಬೇಕಾದ ಅಗತ್ಯ ಯಾವತ್ತು ಇತ್ತು? ನಾನು ನಿನ್ನ ತುಟಿ ನೋಡುತ್ತಿದ್ದೆ. ಕಷ್ಟಪಟ್ಟು ದುಡಿಯುವವನು ಎಂದೆ, ನೋಡಿದೆ. ದೇವರಲ್ಲಿ ಭಕ್ತಿ ಎಂದೆ, ನೋಡಿದೆ. ಆ ಹುಡುಗಿ "ಇನ್ನೇನಾದ್ರೂ ಅಂದ್ರಾ" ಎಂದು ಕೇಳಿದಾಗ ನೀನು ಚೀಲದಿಂದ ಕರವಸ್ತ್ರ ತೆಗೆದು ಬಾಯಿಗೆ ಹಿಡಿದೆ. ಮೂಗು ಒರೆಸಿಕೊಂಡೆ ಎಂದು ಬೇರೆಯವರು ಅಂದುಕೊಂಡಿರಬೇಕು. ಆ ಕೋಣೆಯಲ್ಲಿ ಅದು ಏನೆಂದು ಗೊತ್ತಿದ್ದವಳು ನಾನೊಬ್ಬಳೇ. ನೀನು ಏನೆಂದೆ ಎಂದು ಶರೋಂಡಾ ಬರೆದು ತೋರಿಸಲು ಬಂದಳು. ಬೇಡ ಎಂದೆ.

ಅವನು ಹೊರಗೆ ಬರುವಷ್ಟರಲ್ಲಿ ನಾನು ಇರುತ್ತೇನೋ ಇಲ್ಲವೋ. ಅವನ ತೋಳಿನ ಮೇಲೆ ನಿನ್ನ ಹಂಡೆಯ ಅಂಚಿನ ಗುರುತು ಉಳಿದಿದೆ.

ನಿನ್ನ ಬರೀ ಹೆಸರು ಬಾಯಿಗೆ ಬರುವುದಿಲ್ಲ ಎಂದುಕೊಂಡಿದ್ದೆ. ಇವತ್ತು ಬಂತು, ಕಷ್ಟವಾಗಲಿಲ್ಲ.

ಶ್ರೀಮತಿ ವರ್ನೀಡಾ ಟಾಲಿವರ್

*

ಕಾಟರ್ಸ್ ಮಿಲ್
26 ಏಪ್ರಿಲ್ 2022

ವರ್ನೀಡಾ,

ನಿನ್ನ ಪತ್ರವನ್ನು ಅಂಚೆಯ ಡಬ್ಬಿಯ ಹತ್ತಿರ ನಿಂತುಕೊಂಡೇ ಒಡೆದೆ. ಮೊದಲ ಗೆರೆ ನೋಡಿ ಬೇರೆ ಯಾರಿಗೋ ಬರೆದದ್ದು ನನಗೆ ಬಂದಿದೆ ಎಂದುಕೊಂಡೆ. ಲಕೋಟೆ ತಿರುಗಿಸಿ ನೋಡಿದೆ. ನಿನ್ನದೇ ಅಕ್ಷರ.

ಏಳು ವರ್ಷ ಹೆಚ್ಚಾಯಿತು, ನಾನೂ ಹಾಗೇ ಹೇಳುತ್ತೇನೆ, ಚರ್ಚಿನಲ್ಲಿ ಪಾದ್ರಿಗಳಿಗೂ ಹೇಳಿದೆ. ನ್ಯಾಯಾಧೀಶರನ್ನು ಕೇಳು, ನನ್ನನ್ನು ಕೇಳಿ ಅವರು ಶಿಕ್ಷೆ ಕೊಟ್ಟದ್ದಲ್ಲ. ವಿಲ್ಮಾ ಕೇಕು ಮಾಡಿ ತಂದುಕೊಟ್ಟಳು. ಅದು ಇನ್ನೂ ಮೇಜಿನ ಮೇಲಿದೆ, ಇರುವೆ ಹತ್ತಿದೆ. ನಾನು ಒಂದು ಚೂರೂ ಮುಟ್ಟಲಿಲ್ಲ, ಅದನ್ನೂ ತಿಳಿದುಕೋ.

ಆದರೆ ನೀನು ಹೀಗೆ ಬರೆಯಬಾರದಿತ್ತು. ಅರ್ಲೀನ್! ಆಳನ್ನು ಕೂಗಿದ ಹಾಗೆ. ನೀನು, ಹೇಳಿದೆ, ಹಿಡಿದೆ, ತೆಗೆದೆ. ಓದುತ್ತಾ ಓದುತ್ತಾ ಯಾರೋ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಕೆಳಗೆ ನೋಡಿದರೆ ನಿನಗೆ ನೀನೇ ಶ್ರೀಮತಿ. ಹಾಗೆ ಕರೆ ಎಂದು ನಾನೇ ಹೇಳಿದ್ದೆ, ಒಪ್ಪುತ್ತೇನೆ, ಆದರೆ ನಗುನಗುತ್ತಾ ಕರೆಯುತ್ತೀಯ ಎಂದುಕೊಂಡಿದ್ದೆ, ಹೀಗಲ್ಲ. ಈ ವಯಸ್ಸಿನಲ್ಲಿ, ಗಂಡ ಇಲ್ಲದವಳಿಗೆ, ಒಂದು ಊರಿನಲ್ಲಿ ಇದ್ದದ್ದು ಅಷ್ಟು ಮರ್ಯಾದೆ, ಅದನ್ನೂ ನೀನು ಕಿತ್ತುಕೊಳ್ಳಬೇಕಾಗಿತ್ತಾ?

ಗಾರ್ಲಂಡ್ ಅವತ್ತು ಅಂದದ್ದು ನನಗೂ ಕೇಳಿಸಿತ್ತು. ನನ್ನ ಆ ಕಿವಿ ಅಷ್ಟೇನೂ ಕೆಟ್ಟಿಲ್ಲ. ಕೇಳಿದೆ, ಗದರಿದೆ, ಮನೆಗೆ ಬಂದು ಉಂಡು ಮಲಗಿದೆ. ನಿದ್ದೆ ಬಂತು. ನಿನ್ನ ಪತ್ರ ಬಂದ ದಿನದಿಂದ ನನಗೆ ಕಣ್ಣು ಮುಚ್ಚಲು ಆಗುತ್ತಿಲ್ಲ. ಅಲ್ಲ ವರ್ನೀಡಾ, ಒಂದು ಪದ. ಅದನ್ನು ಮೊದಲಿನ ಹಾಗೆ ಬರೆಯಲು ನಿನ್ನ ಗಂಟೇನು ಹೋಗುತ್ತಿತ್ತು?

ಉತ್ತರ ಬರೆಯುವಾಗ ಸರಿಯಾಗಿ ಬರೆ.

ಮಿಸ್ ಅರ್ಲೀನ್